ಇದಲ್ಲ

ನನ್ನ ಗಂಡನ ಹೆಸರು ಏನೆಬಿಶ್.
ನಮ್ಮ ಮಾತಿನಲ್ಲಿ ಅದರ ಅರ್ಥ: ಇದಲ್ಲ.
ಮೊದಲಿನ ಎರಡು ಕೂಸು ಕೈಗೆ ಹತ್ತಲಿಲ್ಲವೆಂದು
ಮೂರನೆಯದಕ್ಕೆ ಅತ್ತೆ ಹಾಗೆ ಹೆಸರಿಟ್ಟು
ಸಾವಿನ ಕಣ್ಣಿಗೆ ಮಣ್ಣೆರಚಿದಳು.
ಬಂದರೂ ಹೆಸರು ಕೇಳಿ, ಓ ಇದಲ್ಲವಂತೆ ಎಂದು
ಬಂದ ದಾರಿ ಹಿಡಿಯಲಿ ಅಂತ.

ಐವತ್ತೆರಡು ವರ್ಷ ಉಪಾಯ ನಡೆದಿದೆ.
ಈಗ ಉಲಾನ್‌ಬಾತರಿನ ಕಾರುಪೇಟೆಯಲ್ಲಿ
ಚೀನಾದಿಂದ ಬಂದ ಬಿಳಿ ಕರೆಂಟು ಕಾರಿನೆದುರು
ಅದೇ ಹೆಸರು ಹೊತ್ತು ನಿಂತಿದ್ದಾನೆ,
ಟೊಪ್ಪಿಗೆಯ ಕಿವಿ ಇಳಿಬಿಟ್ಟು.

ಗೇಟಿನ ಬಳಿ ನಮ್ಮ ಹಳೆ ಪ್ರಿಯಸ್ಸು,
ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ.
ಜಪಾನಿನಲ್ಲಿ ಯಾರಿಗೋ ಬೇಡವಾದದ್ದು
ಹನ್ನೊಂದು ಚಳಿಗಾಲ ನಮಗೆ ಬೇಕಾಯಿತು.
ಸ್ಟಿಯರಿಂಗು ಬಲಕ್ಕೆ, ಊರು ಓಡುವುದೂ ಬಲಕ್ಕೆ;
ಮುಂದಿನ ಲಾರಿ ದಾಟಬೇಕೆಂದರೆ
ಎಡಗಡೆ ಕೂತ ನಾನೇ ಅವನ ಕಣ್ಣು.
ಹೋಗು, ಈಗ ಹೋಗು, ಬೇಡ ಬೇಡ, ತಡಿ.
ಗುಂಡಿ ಒತ್ತಿದೊಡನೆ ಹೆಣ್ಣುದನಿಯೊಂದು
ಜಪಾನಿಯಲ್ಲಿ ಏನೋ ಹೇಳುತ್ತದೆ, ದಿನಾ ಅದನ್ನೇ.
ಒಳ್ಳೆಯದಾಗಲಿ ಅನ್ನುತ್ತಾಳೆಂದು ನಂಬಿದ್ದ ಅತ್ತೆ
ಇರುವಷ್ಟು ದಿನ ಡ್ಯಾಶ್‌ಬೋರ್ಡಿಗೆ ಕೈ ಮುಗಿದಳು.

ಲೆಕ್ಕ ಹಾಕಿದ್ದೇನೆ, ಚಹಾ ಪೊಟ್ಟಣದ ಬೆನ್ನಿಗೆ.
ಪೆಟ್ರೋಲು ಏರುತ್ತದೆ, ಇಳಿದದ್ದು ಕಂಡಿಲ್ಲ.
ರಾತ್ರಿಯ ಕರೆಂಟು ಅಗ್ಗ.
ಆದರೆ ಮೈನಸ್ ಮೂವತ್ತೈದಕ್ಕೆ ಆ ಬ್ಯಾಟರಿ
ಹೊಸ ಸೊಸೆಯ ಹಾಗೆ ಅರೆಹೊಟ್ಟೆ ಉಣ್ಣುತ್ತದಂತೆ,
ನಾನೂರು ಕಿಲೋಮೀಟರು ಎಂದ ಬಾಯಿ
ಇನ್ನೂರಕ್ಕೇ ಒಣಗುತ್ತದಂತೆ.
ನಾದಿನಿಯ ಕುರಿಗಳಿರುವುದು ಮುನ್ನೂರ ಎಪ್ಪತ್ತಕ್ಕೆ.
ಇನ್ನು ಕರೆಂಟಾದರೂ ಎಲ್ಲಿಯದು?
ನಮ್ಮ ಬೇಲಿಯಿಂದ ಕಾಣುವ ಆ ಚಿಮಣಿಗಳದ್ದು,
ಅವುಗಳ ಬಾಯಿಗೂ ಕಲ್ಲಿದ್ದಲೇ.
ಹೊಗೆ ಕಾರಿನ ಹಿಂದಿನಿಂದ ಬಂದರೇನು
ಊರ ಆ ತುದಿಯಿಂದ ಬಂದರೇನು,
ಕೆಮ್ಮುವುದು ನನ್ನ ಮೊಮ್ಮಗಳೇ.

ಪೊಟ್ಟಣದ ಮೇಲೆ ಬರೆಯದ ಲೆಕ್ಕ ಒಂದಿದೆ.
ನಾನು ಕಾರುಗಳಿಗೆ ಕೌದಿ ಹೊಲಿಯುವವಳು.
ಬಾನೆಟ್ಟಿನ ಕೆಳಗೆ ಎಂಜಿನ್ನಿಗೆ ಹೊದಿಸುವುದು,
ಒಳಗೆ ಉಣ್ಣೆ, ಹೊರಗೆ ದಪ್ಪ ಬಟ್ಟೆ,
ಚಳಿಗಾಲಕ್ಕೆ ಇನ್ನೂರಾದರೂ ಮಾರುತ್ತವೆ.
ಮಾರುವ ಹುಡುಗ ಬಿಳಿ ಗಾಡಿಯ ಮುಚ್ಚಳ ಎತ್ತಿದ.
ಎಂಜಿನ್ನಿಲ್ಲ. ಒಂದು ಪ್ಲಾಸ್ಟಿಕ್ಕಿನ ತೊಟ್ಟಿ.
"ಸಾಮಾನು ಇಟ್ಟುಕೊಳ್ಳಿ ಅಕ್ಕಾ."
ಅಳತೆಗೆಂದು ತಾನಾಗಿ ಚಾಚಿದ ನನ್ನ ಗೇಣು
ಗಾಳಿಯಲ್ಲೇ ನಿಂತಿತು.

ಏನೆಬಿಶ್ ಒಂದು ಸುತ್ತು ಓಡಿಸಿ ಬಂದ.
ಹೇಗಿದೆ?
"ಸದ್ದೇ ಇಲ್ಲ ದುಲ್ಮಾ.
ನನ್ನ ಮಂಡಿ ಕಿರ್ರೆನ್ನುವುದು ಕೇಳಿಸಿತು."
ಸ್ವಲ್ಪ ತಡೆದು ಅಂದ,
"ಸ್ಟಿಯರಿಂಗು ಎಡಕ್ಕಿದೆ. ನೀನಿನ್ನು ನಿದ್ದೆ ಮಾಡಬಹುದು."
ಅದು ಸುಖದ ಮಾತೇ.
ಯಾಕೋ ಸುಖವಾಗಲಿಲ್ಲ.

ಸಂಜೆ ಮಗಳು ಹಾಲಿಯುನ್ ಬಂದಳು,
ಸಪ್ಪೊರೊದಲ್ಲಿ ಎರಡು ವರ್ಷ ಮೀನು ಕೊಯ್ದು
ಜಪಾನಿ ಕಲಿತು ಬಂದವಳು.
ಹಳೆ ಗಾಡಿ ಹತ್ತಿ, ದನಿ ಕೇಳಿ, ಬಿದ್ದು ಬಿದ್ದು ನಕ್ಕಳು.
"ಕಾರ್ಡು ಹಾಕಿಲ್ಲ ಅನ್ನುತ್ತಿದ್ದಾಳೆ ಅಮ್ಮಾ.
ಟೋಲಿನ ಕಾರ್ಡು."
ಅಷ್ಟೇನಾ?
ಅಷ್ಟೇ.
ಇಲ್ಲದ ಟೋಲಿಗೆ ಇಲ್ಲದ ಕಾರ್ಡು ಕೇಳಿದವಳ
ಆಶೀರ್ವಾದ ಹೊತ್ತು ಇಷ್ಟು ವರ್ಷ ಓಡಾಡಿದೆವು.
ಒಮ್ಮೆಯೂ ಹಳ್ಳಕ್ಕೆ ಬಿದ್ದಿಲ್ಲ.

ರಾತ್ರಿ ಕೇಳಿದೆ: ಹೊಸದಾ? ಅಲ್ಲ ಅಂದ.
ಹಾಗಾದರೆ ಹಳೆಯದೇ? ಅಲ್ಲ ಅಂದ.
ಇಟ್ಟ ಹೆಸರು ಇಷ್ಟು ಆಳಕ್ಕೆ ಇಳಿಯುತ್ತದೆಂದು
ಅತ್ತೆಗೆ ಗೊತ್ತಿತ್ತೋ ಇಲ್ಲವೋ.
ನಾನು ಒಲೆಯ ಬೆಳಕಿನಲ್ಲಿ ಸೀಮೆಸುಣ್ಣ ಹಿಡಿದು
ನೆಲದ ಮೇಲೆ ಒಂದು ಅಳತೆ ಗೀಚಿದೆ.
ಬ್ಯಾಟರಿ ಹೊಟ್ಟೆಯಡಿ ಇರುತ್ತದಂತೆ, ಚಪ್ಪಟೆಯಾಗಿ.
ಅದಕ್ಕೂ ಚಳಿಯಾಗುತ್ತದಲ್ಲ.

ಬೆಳಿಗ್ಗೆ ಹಾಲಿನ ಚೆಂಬು ಹಿಡಿದು ಹೊರಬಂದು
ಎಂದಿನಂತೆ ಪ್ರಿಯಸ್ಸಿನ ಚಕ್ರಕ್ಕೆ ಚಿಮುಕಿಸಿದೆ.
ಬಿದ್ದಲ್ಲೇ ಹೆಪ್ಪುಗಟ್ಟಿತು.
ಅವನು ಗುಂಡಿ ಒತ್ತಿದ.
ಕಾರ್ಡು ಹಾಕಿಲ್ಲ, ಎಂದಳು ಅವಳು.
ನಿನಗೂ ಒಳ್ಳೆಯದಾಗಲಿ ತಾಯಿ, ಎಂದ ಏನೆಬಿಶ್.